ಮೆಟ್ರಿಕ್ ಮೇಳದಲ್ಲಿ ಬಂಡವಾಳದ ಲೆಕ್ಕ ಎಲ್ಲಿ?

7ನೇ ತರಗತಿಯ ಮಕ್ಕಳು ಮೆಟ್ರಿಕ್ ಮೇಳದಲ್ಲಿ, ಅಂದರೆ ಶಾಲೆಯಲ್ಲಿ ಮಕ್ಕಳೇ ನಡೆಸುವ ಸಂತೆಯಲ್ಲಿ, ಖುಷಿಯಾಗಿ ಮಾರುತ್ತಾರೆ, ಆದರೆ ವ್ಯಾಪಾರ ಕಲಿತ ಹಾಗೆ ಕಾಣುವುದಿಲ್ಲ, ಏನು ಬದಲಿಸಲಿ ಎಂದು ಕೇಳಿದ್ದೀರಿ.

ತೊಂದರೆ ಇರುವುದು ಮಾಲು ಬರುವ ಕಡೆ. ಸೊಪ್ಪು, ನಿಂಬೆಹಣ್ಣು ಎಲ್ಲ ಮನೆಯಿಂದ ಪುಕ್ಕಟೆ ಬರುತ್ತದೆ. ಹಾಗಾಗಿ ಗಲ್ಲಾಪೆಟ್ಟಿಗೆಗೆ ಬಿದ್ದದ್ದೆಲ್ಲ ಲಾಭ ಅಂದುಕೊಳ್ಳುತ್ತಾರೆ. ತೂಕ, ಅಳತೆ, ಚಿಲ್ಲರೆ ಕಲಿಯಲು ಅದು ಸಾಕು. ವ್ಯಾಪಾರಕ್ಕೆ ಸಾಲದು, ಅಲ್ವಾ?

ಮೂರು ನಾಲ್ಕು ಮಕ್ಕಳ ಗುಂಪು ಮಾಡಿ, ಶಾಲೆಯಿಂದ ಸಣ್ಣ ಸಾಲ ಕೊಡಿ. ಮೇಳದ ಸಂಜೆ ಸಾಲ ವಾಪಸ್. ಉದಾಹರಣೆಗೆ, ಮಜ್ಜಿಗೆ ಗುಂಪು ಮೊಸರು, ಲೋಟ, ಆಟೋ ಸೇರಿ 280 ರೂಪಾಯಿ ಹಾಕಿ 40 ಲೋಟ ಮಾಡಿತು ಅಂದುಕೊಳ್ಳಿ. ಲೋಟಕ್ಕೆ 10 ರೂಪಾಯಿಯಂತೆ 120 ಉಳಿಯಬೇಕು. 8 ಲೋಟ ಮಾರಾಟವಾಗದಿದ್ದರೆ ಉಳಿಯುವುದು ಬರೀ 40. ಕೊನೆಗೆ ಬೆಲೆ ಇಳಿಸಬೇಕಿತ್ತಾ, ಮೊದಲೇ ಕಡಿಮೆ ಮಾಡಬೇಕಿತ್ತಾ? ಈ ಜಗಳ ಮಕ್ಕಳೇ ಆಡಲಿ, ನೀವು ಸುಮ್ನೆ ಕೇಳಿಸಿಕೊಳ್ಳಿ. ಮರುದಿನದ ಗಣಿತದ ಪೀರಿಯಡ್ ಪೂರ್ತಿ ಇದಕ್ಕೇ ಇಡಿ. ನನಗೆ ಕೇಳಿದರೆ, ಮೇಳಕ್ಕಿಂತ ಆ ಪೀರಿಯಡ್ಡೇ ಮುಖ್ಯ.

ದೆಹಲಿ ಸರ್ಕಾರಿ ಶಾಲೆಗಳಲ್ಲಿ 2021ರಲ್ಲಿ ಶುರುವಾದ, ವ್ಯಾಪಾರ ಕಲಿಸುವ ಕಾರ್ಯಕ್ರಮ ಬಿಸಿನೆಸ್ ಬ್ಲಾಸ್ಟರ್ಸ್‌ನಲ್ಲಿ 11, 12ನೇ ತರಗತಿಯವರಿಗೆ ತಲಾ 2,000 ರೂಪಾಯಿವರೆಗೆ ಬಂಡವಾಳ ಕೊಟ್ಟಿದ್ದರು. ನಿಮ್ಮ ಮಕ್ಕಳಿಗೆ ಅಷ್ಟೆಲ್ಲ ಜಾಸ್ತಿಯಾಯಿತು. ಗುಂಪಿಗೆ 300 ಸಾಕು.

ಬಹುಮಾನ ಕೊಡುವುದಿದ್ದರೆ ಹೆಚ್ಚು ಮಾರಿದವರಿಗಲ್ಲ, ಲೆಕ್ಕದ ಪುಸ್ತಕ ಸರಿಯಾಗಿ ಬರೆದವರಿಗೆ ಕೊಡಿ.