ಚಾರಣದಲ್ಲಿ ಅನ್ನ ಮಾಡಿಕೊಳ್ಳಲು ಎಷ್ಟು ದೊಡ್ಡ ಟೈಟಾನಿಯಂ ಪಾತ್ರೆ ಕೊಳ್ಳಬೇಕು?

ಕೊಡಚಾದ್ರಿ, ಕುದುರೆಮುಖ, ಮುಂದಿನ ವರ್ಷ ಹಿಮಾಲಯ. ಎಲ್ಲದಕ್ಕೂ ಆಗುವಂತೆ ಇಬ್ಬರ ಅನ್ನ ಬೇಯುವ ಟೈಟಾನಿಯಂ ಪಾತ್ರೆ ಯಾವುದು ಎಂದು ಕೇಳಿದ್ದೀರಿ. ಐದು ವರ್ಷದ ಹಿಂದೆ ನಾನು ಸಿಕ್ಕವರನ್ನೆಲ್ಲ ಇದನ್ನೇ ಕೇಳುತ್ತಿದ್ದೆ. ಅನ್ನ ಮಾಡುವುದೇ ಆದರೆ ಟೈಟಾನಿಯಂ ಕೊಳ್ಳಲೇಬೇಡಿ.

ನಾನು ಕೊಂಡದ್ದು 900 ಮಿಲಿಲೀಟರಿನದು. ಮುಚ್ಚಳ ಸೇರಿ 130 ಗ್ರಾಂ. ಹಿಮಾಲಯಕ್ಕೆ ಹೋಗುವ ಮುನ್ನ ಒಂದು ರಾತ್ರಿ ಪರೀಕ್ಷೆ ಮಾಡೋಣವೆಂದು ಡಿಸೆಂಬರಿನಲ್ಲಿ ಹೊಸನಗರದ ಕಡೆ ಇರುವ ನಮ್ಮ ಭಾವನ ಬ್ಯಾಣದಲ್ಲಿ, ಎಂದರೆ ಹುಲ್ಲುಗಾವಲಿನಲ್ಲಿ, ಟೆಂಟ್ ಹಾಕಿದೆವು. ಭಾವ, ನಾನು, ಅವರ ಹತ್ತು ವರ್ಷದ ಮಗ. ಅಕ್ಕ ಮನೆಯ ಕುಚ್ಚಲಕ್ಕಿ ಕಟ್ಟಿಕೊಟ್ಟಿದ್ದಳು, ಜೊತೆಗೆ ಅಪ್ಪೆಮಿಡಿ. ಗಂಜಿ ಮಾಡುವುದು ನನ್ನ ಪಾಲಿನ ಕೆಲಸ.

ತಪ್ಪು ಆಗಿದ್ದು ಇಲ್ಲಿ. ಮನೆಯ ದಪ್ಪ ತಳದ ಪಾತ್ರೆಯಲ್ಲಿ ಮಾಡುವಂತೆಯೇ ಅಕ್ಕಿ, ನೀರು ಹಾಕಿ, ಮುಚ್ಚಳ ಮುಚ್ಚಿ, ಗ್ಯಾಸ್ ಒಲೆಯ ಮೇಲಿಟ್ಟು ಭಾವನ ಜೊತೆ ಮಾತಿಗೆ ಕೂತೆ. ಟೈಟಾನಿಯಂ ಪಾತ್ರೆಯ ತಗಡು ಅರ್ಧ ಮಿಲಿಮೀಟರಿಗಿಂತಲೂ ತೆಳು. ಅದರ ಮೇಲೆ, ಬಿಸಿಯನ್ನು ಹರಡುವ ಗುಣದಲ್ಲಿ ಅಲ್ಯೂಮಿನಿಯಂ ಇದಕ್ಕಿಂತ ಸುಮಾರು ಹತ್ತು ಪಟ್ಟು ಮೇಲು. ಚಾರಣದ ಒಲೆಯ ಉರಿಯೋ ಕಿರಿದು, ನೇರ. ಉರಿ ಬಿದ್ದ ಜಾಗ ಕೆಂಡದಂತೆ ಕಾಯುತ್ತದೆ, ಎರಡು ಬೆರಳು ಆಚೆ ಬರೀ ಬೆಚ್ಚಗಿರುತ್ತದೆ. ಬರೀ ನೀರಿದ್ದರೆ ಚಿಂತೆಯಿಲ್ಲ, ನೀರು ತಾನೇ ಮೇಲೆ ಕೆಳಗೆ ಸುತ್ತಿ ಬಿಸಿಯನ್ನು ಹೊತ್ತೊಯ್ಯುತ್ತದೆ. ಅಕ್ಕಿ ತಳದಲ್ಲಿ ಕೂತು ಗಂಜಿ ಗಟ್ಟಿಯಾದ ಕೂಡಲೇ ಆ ಸುತ್ತಾಟ ನಿಲ್ಲುತ್ತದೆ. ಕುಚ್ಚಲಕ್ಕಿಗೆ ಮುಕ್ಕಾಲು ಗಂಟೆ ಬೇಕು. ಇಪ್ಪತ್ತನೇ ನಿಮಿಷಕ್ಕೇ ಸೀದ ವಾಸನೆ ಬಂತು. ಗಾಬರಿಯಲ್ಲಿ ನೀರು ಸುರಿದು ಚಮಚದಿಂದ ತಳ ಕೆರೆದೆ. ಅದು ಎರಡನೇ ತಪ್ಪು. ಕೆರೆಯದೆ ಮೇಲಿನ ಅನ್ನವನ್ನಷ್ಟೇ ಬೇರೆ ತಟ್ಟೆಗೆ ತೆಗೆದಿದ್ದರೆ ಉಳಿಯುತ್ತಿತ್ತು. ಕೆರೆದದ್ದರಿಂದ ಕರಿ ಚೂರುಗಳೆಲ್ಲ ಮೇಲೆದ್ದು ಇಡೀ ಗಂಜಿ ಕಹಿಯಾಯಿತು. ಕಾಳು ಇನ್ನೂ ಬೆಂದಿರಲಿಲ್ಲ. ಅಷ್ಟರಲ್ಲಿ ಅರ್ಧವೇ ಇದ್ದ ಗ್ಯಾಸ್ ಡಬ್ಬಿಯೂ ಬರಿದಾಯಿತು.

ಕತ್ತಲಾದ ಮೇಲೆ ಕಾಟಿ, ಎಂದರೆ ಕಾಡುಕೋಣ, ಓಡಾಡುವ ಜಾಗ, ಕೆಳಗೆ ಮನೆಗೆ ಇಳಿಯುವಂತಿರಲಿಲ್ಲ. ಹುಡುಗ ಎರಡು ಬಾಳೆಹಣ್ಣು ತಿಂದು, ಏನೂ ಹೇಳದೆ ಗೋಡೆಯ ಕಡೆ ಮುಖ ಮಾಡುವಂತೆ ಟೆಂಟಿನ ಬಟ್ಟೆಯ ಕಡೆ ತಿರುಗಿ ಮಲಗಿದ. ಅದು ನನಗೆ ಇವತ್ತಿಗೂ ಸಂಕಟ. ಬೆಳಿಗ್ಗೆ ಪಾತ್ರೆ ತೊಳೆದಾಗ ತಳದಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಕರಿ ಬಿಲ್ಲೆ, ಅದರ ಹೊರಗೆ ನೀಲಿ, ನೇರಳೆ, ಹೊಂಬಣ್ಣದ ಬಳೆಗಳು. ಬಣ್ಣದಿಂದ ಅಪಾಯವಿಲ್ಲ, ಕಾದಾಗ ಲೋಹದ ಮೇಲೆ ಆಕ್ಸೈಡ್ ಪದರ ಕಟ್ಟುವುದರಿಂದ ಬರುವುದು. ಉರಿ ಎಷ್ಟು ಜಾಗಕ್ಕೆ ಮಾತ್ರ ತಾಗಿತ್ತೆಂಬುದು ಅಲ್ಲಿ ಬರೆದಿಟ್ಟಂತೆ ಕಾಣುತ್ತಿತ್ತು.

ಟೈಟಾನಿಯಂ ಎಲ್ಲಕ್ಕಿಂತ ಹಗುರ ಎಂಬ ಮಾತನ್ನೂ ನಂಬಬೇಡಿ. ಒಂದು ಘನ ಸೆಂಟಿಮೀಟರ್ ಟೈಟಾನಿಯಂ 4.5 ಗ್ರಾಂ ತೂಗಿದರೆ ಅಲ್ಯೂಮಿನಿಯಂ 2.7 ಗ್ರಾಂ. ಟೈಟಾನಿಯಂ ಗಟ್ಟಿಯಾದ್ದರಿಂದ ತೀರಾ ತೆಳುವಾಗಿ ಮಾಡಬಹುದು, ಪಾತ್ರೆ ಹಗುರವಾಗುವುದು ಆ ಕಾರಣಕ್ಕೆ. ಆ ತೆಳುವೇ ನನ್ನ ಗಂಜಿಯನ್ನು ಸುಟ್ಟಿದ್ದು.

ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅನುಮತಿ ಪಡೆದು ಬೆಳಿಗ್ಗೆ ಹತ್ತಿ ಸಂಜೆಗೆ ಇಳಿಯಬೇಕು. ಕೊಡಚಾದ್ರಿಯೂ ಅಭಯಾರಣ್ಯದೊಳಗಿನದು. ಅಲ್ಲಿಗೆ ಒಲೆಯನ್ನೇ ಒಯ್ಯಬೇಡಿ. ಬೇಸಿಗೆಗೆ ಮುಂಚೆಯೇ ಒಣಗುವ ಆ ಹುಲ್ಲಿಗೆ ಒಂದು ಕಿಡಿ ಸಾಕು. ಬುತ್ತಿ ಕಟ್ಟಿಕೊಂಡು ಹೋಗಿ.

ಹಿಮಾಲಯಕ್ಕಾದರೆ ಮೊದಲು ಏನು ತಿನ್ನುತ್ತೀರೆಂದು ನಿರ್ಧರಿಸಿ. 3,500 ಮೀಟರ್ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಅಕ್ಕಿ ಬೇಯಲು ಇನ್ನೂ ಹೊತ್ತು ಬೇಕು. ಅವಲಕ್ಕಿ, ಹುರಿದಿಟ್ಟ ಉಪ್ಪಿಟ್ಟಿನ ರವೆ, ಚಹಾ, ಕಷಾಯ ಎಂದಾದರೆ 750 ಮಿಲಿಲೀಟರಿನ ಅಗಲ ಬಾಯಿಯ ಟೈಟಾನಿಯಂ ಕೊಳ್ಳಿ, ಕಣ್ಣು ಮುಚ್ಚಿ ಕೊಳ್ಳಿ. ಹುಳಿಗೆ ಅದು ಜಗ್ಗುವುದಿಲ್ಲ, ಮುರುಗಲಿನ ಸಾರನ್ನೂ ಕುದಿಸಬಹುದು. ಎರಡು ಪದರದ ಲೋಟವನ್ನು ಮಾತ್ರ ಉರಿಯ ಮೇಲೆ ಇಡಲೇಬೇಡಿ. ಪದರಗಳ ನಡುವಿನ ಗಾಳಿ ಹಿಗ್ಗಿ ಒಡೆಯಬಹುದು.

ಅನ್ನವೇ ಬೇಕೆಂದರೆ ಅಲ್ಯೂಮಿನಿಯಂ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ತಕ್ಕಡಿಗೆ ಹಾಕಿಸಿ ನೋಡಿ ತಂದ ನನ್ನ ಪಾತ್ರೆ 210 ಗ್ರಾಂ, ಟೈಟಾನಿಯಂಗಿಂತ 80 ಗ್ರಾಂ ಹೆಚ್ಚು. ಕುಚ್ಚಲಕ್ಕಿ ಬಿಟ್ಟು ಸೋನಾ ಮಸೂರಿ ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕುದಿ ಬರಿಸಿ, ಒಲೆ ಆರಿಸಿ, ಟವೆಲ್ ಸುತ್ತಿಟ್ಟರೆ ತಾನೇ ಅರಳುತ್ತದೆ. ಕಳೆದ ದೀಪಾವಳಿಗೆ ಅದೇ ಬ್ಯಾಣಕ್ಕೆ ಹೋದಾಗ ಟವೆಲ್ ಬಿಚ್ಚಿದ್ದು ಅಕ್ಕನ ಮಗ. ಮೂವರೂ ಎರಡೆರಡು ಸಲ ಬಡಿಸಿಕೊಂಡೆವು.