ಪ್ರತಿಕ್ರಿಯೆ: ಎಸೆಕ್ಸ್ ಅರ್ಲ್ ಡೆವರೂ ನಂತರ ಬಂದ ಕೇಪಲ್ ಅವನ ಮಗನೇ, ಅಳಿಯನೇ?

ಎರಡೂ ಅಲ್ಲ. ಎಸೆಕ್ಸ್ ಅರ್ಲ್ ಎಂಬುದು ಇಂಗ್ಲೆಂಡಿನ ಒಂದು ಶ್ರೀಮಂತ ಪದವಿ; ಅದರ ಹೆಸರು ಒಂದೇ ಇದೆಯೆಂದು ನಿಮ್ಮ ವಂಶವೃಕ್ಷದಲ್ಲಿ ಎರಡು ಮನೆತನಗಳನ್ನು ಒಂದೇ ಗೆರೆಯಲ್ಲಿ ಜೋಡಿಸಿದ್ದೀರಿ ಅನಿಸುತ್ತದೆ. ಅದನ್ನು ಪೂರ್ತಿ ನೋಡದೆ ತಪ್ಪು ಎಲ್ಲಿದೆಯೆಂದು ಇದಕ್ಕಿಂತ ಖಚಿತವಾಗಿ ಹೇಳಲಾರೆ. 3ನೇ ಅರ್ಲ್ ರಾಬರ್ಟ್ ಡೆವರೂ 1646ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ ಆ ಪದವಿ ಅಲ್ಲಿಗೇ ಮುಗಿಯಿತು. 1661ರಲ್ಲಿ ದೊರೆ ಎರಡನೇ ಚಾರ್ಲ್ಸ್ ಅದೇ ಹೆಸರಿನ ಹೊಸ ಪದವಿಯನ್ನು ಆರ್ಥರ್ ಕೇಪಲ್‌ಗೆ ಕೊಟ್ಟ.

ಮೊದಲು ಆ ಗೆರೆ ಅಳಿಸಿ, ಕೇಪಲ್‌ನಿಂದ ಮತ್ತೆ 1ನೇ ಅರ್ಲ್ ಎಂದು ಎಣಿಸಿ. ಆಮೇಲೆ ಡೆವರೂ ಮನೆಯ ಉಳಿದ ಪದವಿಗಳನ್ನು ಒಂದೊಂದಾಗಿ ಹಿಡಿದು ಹೋಗಿ, ಅವೂ ಚದುರಿವೆ. ಹೆರಿಫರ್ಡ್ ವೈಕೌಂಟ್ ಪದವಿ ದಾಯಾದಿ ವಾಲ್ಟರ್ ಡೆವರೂಗೆ ಹೋಯಿತು. ಚಾರ್ಟ್ಲಿಯ ಫೆರರ್ಸ್ ಬ್ಯಾರನ್ ಪದವಿ ಹೆಣ್ಣುಮಕ್ಕಳ ಕವಲಿಗೂ ಸಲ್ಲುವಂಥದ್ದು. ಅದು 3ನೇ ಅರ್ಲ್‌ನ ಇಬ್ಬರು ತಂಗಿಯರ ನಡುವೆ ಇತ್ಯರ್ಥವಾಗದೆ ನಿಂತಿದ್ದು, 1677ರಲ್ಲಿ ಅವರಲ್ಲೊಬ್ಬಳಾದ ಡೊರೊತಿಯ ಮೊಮ್ಮಗ ರಾಬರ್ಟ್ ಶರ್ಲಿಗೆ ಸಿಕ್ಕಿತು.

ಜಮೀನನ್ನಂತೂ ಪದವಿಯ ಹೆಸರು ನಂಬಿ ಹುಡುಕಬೇಡಿ. ಕೇಪಲ್‌ನ ಕ್ಯಾಶಿಯೊಬರಿ ಎಸ್ಟೇಟು ಇದ್ದದ್ದು ಎಸೆಕ್ಸಿನಲ್ಲಲ್ಲ, ಹರ್ಟ್‌ಫರ್ಡ್‌ಶೈರಿನಲ್ಲಿ, ಅದೂ ತಾಯಿಯ ಕಡೆಯಿಂದ ಬಂದದ್ದು! ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್ ತಾಣದಲ್ಲಿ 'ಪ್ರಾಬ್ 11' ಸರಣಿಯ ಉಯಿಲುಗಳಿವೆ. ಹೆಸರು, ಸತ್ತ ವರ್ಷ ಕೊಟ್ಟು ಹುಡುಕಿ. ಅಲ್ಲಿ ಆಸ್ತಿಯ ವಿವರ ಇಲ್ಲದಿದ್ದರೆ ಮದುವೆ ಕಾಲದ ಆಸ್ತಿ ಒಪ್ಪಂದಗಳಲ್ಲಿ ಇರಬಹುದು, ಆಯಾ ಕೌಂಟಿಯ ದಾಖಲೆ ಕಚೇರಿಗೆ ಬರೆದು ಕೇಳಿ.