ನಿಮ್ಮ ಪ್ರಶ್ನೆ: ವಿಧಿವಿಜ್ಞಾನಕ್ಕೆ ಯಂತ್ರ ಮೊದಲೋ, ಸಂಶೋಧನೆ ಮೊದಲೋ?

ಪ್ರಶ್ನೆ: ಯಾವ ಕೇಸ್ ನೋಡಿದರೂ "ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಇನ್ನೂ ಬಂದಿಲ್ಲ" ಅನ್ನೋ ಮಾತೇ. ಇಂಥ ಹೊತ್ತಲ್ಲಿ ಸರ್ಕಾರ ಸಂಶೋಧನೆಗೆ ಅಂತ ದುಡ್ಡು ಹಾಕೋದು ಸರಿಯಾ? ಮೊದಲು ಯಂತ್ರ, ಸಿಬ್ಬಂದಿ ಕೊಡಲಿ ಅಲ್ವಾ? ಸಂಶೋಧನೆ ಬೇಕೇ ಬೇಕು ಅಂದರೆ ಯಾವುದು ಮೊದಲು ಅಂತ ಯಾರು ಹೇಳಬೇಕು?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಸಿಬ್ಬಂದಿ ಬೇಕು, ಅದರಲ್ಲಿ ಎರಡು ಮಾತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಘಟನಾ ಸ್ಥಳಕ್ಕೇ ಹೋಗಬೇಕು. ಇದನ್ನು ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷದ ಗಡುವಿದೆ. ಅಂದರೆ ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯದ ಎಫ್‌ಎಸ್‌ಎಲ್ ಲ್ಯಾಬಿನ ಮೇಲೆ ಹೊರೆ ಇನ್ನೂ ಏರುತ್ತದೆ. ಆದರೆ "ಸಂಶೋಧನೆ ಆಮೇಲೆ ನೋಡೋಣ" ಅಂದರೆ ಏನಾಗುತ್ತದೆ ಅಂತ ತಿಳಿಯಲು ದೂರ ಹೋಗಬೇಕಿಲ್ಲ, ನಮ್ಮ ಬೆಂಗಳೂರನ್ನೇ ನೋಡಿ.

2000ರ ದಶಕದಲ್ಲಿ ಮಂಪರು ಪರೀಕ್ಷೆ (ಔಷಧಿ ಕೊಟ್ಟು ಅರೆಎಚ್ಚರದಲ್ಲಿಟ್ಟು ಪ್ರಶ್ನೆ ಕೇಳೋದು) ಅಂದರೆ ಬೆಂಗಳೂರು ಅನ್ನೋ ಹಾಗಿತ್ತು. ಬೇರೆ ರಾಜ್ಯದ ಪೊಲೀಸರೂ ಆರೋಪಿಗಳನ್ನು ಇಲ್ಲಿಗೆ ಕರೆತರುತ್ತಿದ್ದರು. ಅರೆಎಚ್ಚರದಲ್ಲಿರುವ ಮನುಷ್ಯ ಎಷ್ಟು ನಿಜ ಹೇಳುತ್ತಾನೆ, ಎಷ್ಟು ಕಲ್ಪಿಸಿಕೊಂಡು ಹೇಳುತ್ತಾನೆ ಅನ್ನೋದನ್ನು ಬಳಸುವ ಮೊದಲೇ ಅಳೆದು ನೋಡಬೇಕಿತ್ತು. ತಲೆಗೆ ತಂತಿ ಜೋಡಿಸಿ ಮಿದುಳಿನ ಪ್ರತಿಕ್ರಿಯೆ ನೋಡುವ ಬ್ರೈನ್ ಮ್ಯಾಪಿಂಗ್ ಕಥೆಯೂ ಅಷ್ಟೇ. ಅದು ವೈಜ್ಞಾನಿಕವಲ್ಲ ಅಂತ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ಸಮಿತಿ ಹೇಳಿದ್ದು 2008ರಲ್ಲಿ. ಆಮೇಲೆ 2010ರ ಮೇ 5ರಂದು, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ, ಒಪ್ಪಿಗೆ ಇಲ್ಲದೆ ಯಾರ ಮೇಲೂ ಈ ಪರೀಕ್ಷೆಗಳನ್ನು ಮಾಡಬಾರದು ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಷ್ಟರೊಳಗೆ ಎಷ್ಟು ಜನ ಆ ಮೇಜಿನ ಮೇಲೆ ಮಲಗಿ ಎದ್ದಿದ್ದರೋ!

ಹಾಗಾಗಿ ನನ್ನನ್ನು ಕೇಳಿದರೆ, ಸಂಶೋಧನೆಯ ಮೊದಲ ದುಡ್ಡು ಹೊಸ ವಿಧಾನಕ್ಕಲ್ಲ. ಈಗ ದಿನಾ ಬಳಸುವ ವಿಧಾನಗಳು ಎಷ್ಟು ಸಲ ತಪ್ಪುತ್ತವೆ ಅಂತ ಅಳೆಯೋದಕ್ಕೆ ಹೋಗಬೇಕು. ಬೆರಳಚ್ಚನ್ನೇ ತಗೊಳ್ಳಿ, ಅದು ತಪ್ಪೋದೇ ಇಲ್ಲ ಅಂತ ಎಲ್ಲರೂ ನಂಬಿದ್ದರು. 2004ರ ಮ್ಯಾಡ್ರಿಡ್ ರೈಲು ಸ್ಫೋಟದಲ್ಲಿ ಅಮೆರಿಕದ ಎಫ್‌ಬಿಐ ಒಂದು ಬೆರಳಚ್ಚನ್ನು ತನ್ನದೇ ದೇಶದ ವಕೀಲರೊಬ್ಬರದು ಅಂತ ಹೇಳಿ ಅವರನ್ನು ಬಂಧಿಸಿತು. ಅದು ಬೇರೆಯವನದು ಅಂತ ಸ್ಪೇನ್ ಪೊಲೀಸರು ಪತ್ತೆ ಮಾಡಿದರು. ಆಮೇಲೆ ಅಮೆರಿಕದಲ್ಲಿ 169 ಬೆರಳಚ್ಚು ತಜ್ಞರನ್ನು ಪರೀಕ್ಷೆಗೆ ಕೂರಿಸಿದರು. ಫಲಿತಾಂಶ 2011ರಲ್ಲಿ ಬಂತು: ಬೇರೆ ಬೇರೆಯವರ ಬೆರಳಚ್ಚನ್ನು ಒಬ್ಬರದೇ ಅಂದಿದ್ದು ಶೇ. 0.1, ಒಬ್ಬರದೇ ಆಗಿದ್ದನ್ನು ಅಲ್ಲ ಅಂದಿದ್ದು ಶೇ. 7.5. ಜಡ್ಜ್ ಮುಂದೆ ಇಡಬೇಕಾದ್ದು ಇಂಥ ಲೆಕ್ಕ. ಕೈಬರಹ, ಬುಲೆಟ್ ಗುರುತು, ಶೂ ಗುರುತು, ಎಲ್ಲಕ್ಕೂ ನಮ್ಮ ಲ್ಯಾಬುಗಳಲ್ಲೇ ಹೀಗೆ ಪರೀಕ್ಷೆ ಆಗಲಿ.

ಇನ್ನು ಯಾರು ಹೇಳಬೇಕು ಅಂತ ಕೇಳಿದ್ದೀರಿ. ಲ್ಯಾಬಿನ ಮೇಜಿನ ಮುಂದೆ ಕೂತು ಕೆಲಸ ಮಾಡುವವರು ಹೇಳಬೇಕು. ಅಮೆರಿಕ ಸರ್ಕಾರದ ಸಂಶೋಧನಾ ಸಂಸ್ಥೆಯಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್‌ನಲ್ಲಿ, ನಮಗೆ ಇಂಥಿಂಥದ್ದು ಗೊತ್ತಾಗಬೇಕು ಅಂತ ಲ್ಯಾಬಿನವರೇ ಕೂತು ಪಟ್ಟಿ ಮಾಡುತ್ತಾರೆ. ಸಂಶೋಧನೆಗೆ ಹಣ ಕೊಡುವಾಗ ಆ ಪಟ್ಟಿಯನ್ನು ನೋಡುತ್ತಾರೆ. ನಮ್ಮಲ್ಲೂ ಹಾಗೆ ಕೇಳಿದರೆ ಏನು ಬರಬಹುದು? ವಿಷದ ಕೇಸಿನ ಒಂದು ವಿಸೆರಾ ಬಾಟಲಿಯನ್ನು ನೋಡಿ. ಒಳಗೆ ಗಟ್ಟಿ ಉಪ್ಪುನೀರು, ಅದರಲ್ಲಿ ಜಠರ, ಕರುಳು, ಲಿವರ್, ಕಿಡ್ನಿಯ ತುಂಡುಗಳು, ಬಾಯಿಗೆ ಅರಗಿನ ಸೀಲು. ಅದು ಫ್ರಿಜ್ ಇಲ್ಲದ ಕೋಣೆಯಲ್ಲಿ ತಿಂಗಳುಗಟ್ಟಲೆ ಕಾದರೆ, ನಮ್ಮ ರೈತರು ಹೊಡೆಯುವ ಕೀಟನಾಶಕಗಳಲ್ಲಿ ಯಾವುದರ ಕುರುಹು ಉಳಿಯುತ್ತದೆ, ಯಾವುದರದು ಅಳಿಯುತ್ತದೆ? ಇದು ಗೊತ್ತಾದರೆ ಯಾವ ಬಾಟಲಿಯನ್ನು ಮೊದಲು ತೆರೆಯಬೇಕು ಅಂತಲೂ ಗೊತ್ತಾಗುತ್ತದೆ. ನೀವು ಹೇಳಿದ ವರದಿ ತಡ ಆಗುವ ಸಮಸ್ಯೆಗೂ ಇಂಥ ಸಂಶೋಧನೆಯೇ ಬೇಕು ನೋಡಿ, ಅದು ಬೇರೆ ಇದು ಬೇರೆ ಅಲ್ಲ.

ಕೆಲವು ಉತ್ತರಗಳನ್ನು ಹೊರಗಿನಿಂದ ತರಿಸಲೂ ಆಗೋದಿಲ್ಲ. ಶವ ಎಷ್ಟು ದಿನದಲ್ಲಿ ಹೇಗೆ ಕೊಳೆಯುತ್ತದೆ ಅನ್ನೋದನ್ನು ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯ 1981ರಿಂದ ಬಯಲಲ್ಲೇ ಇಟ್ಟು ಅಧ್ಯಯನ ಮಾಡುತ್ತಿದೆ. ಆ ಲೆಕ್ಕ ಮಳೆಗಾಲದ ಮಂಗಳೂರಿಗೂ ಬೇಸಿಗೆಯ ಕಲಬುರಗಿಗೂ ಹೊಂದುತ್ತದಾ? ಅಲ್ಲಿಯ ಸೆಕೆಯೇ ಬೇರೆ, ಹುಳುಗಳೇ ಬೇರೆ.

ಪ್ರಶ್ನೆ: ಮಗಳು ಬಿಎಸ್ಸಿ ಕೊನೆಯ ವರ್ಷ. ವಿಧಿವಿಜ್ಞಾನದಲ್ಲೇ ಸಂಶೋಧನೆ ಮಾಡ್ತೀನಿ ಅಂತಾಳೆ. ಗುಜರಾತಿಗೇ ಹೋಗಬೇಕಾ?
– ಓದುಗರೊಬ್ಬರು, ಯಲಹಂಕ

ಉತ್ತರ: ಬೇಕಿಲ್ಲ. ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡದಲ್ಲೂ ಇದೆ. ಅಲ್ಲಿ ಯಾವ ಕೋರ್ಸುಗಳಿವೆ ಅಂತ ಮೊದಲು ವಿಚಾರಿಸಿ. ಕೆಮಿಸ್ಟ್ರಿಯೋ ಬಯಾಲಜಿಯೋ, ಯಾವುದಾದರೂ ಒಂದು ಗಟ್ಟಿಯಾಗಿರಲಿ. ಜೊತೆಗೆ ಸಂಖ್ಯಾಶಾಸ್ತ್ರ ಚೆನ್ನಾಗಿ ಕಲಿಯಲು ಹೇಳಿ. ಮೇಲೆ ಹೇಳಿದ ಕೆಲಸಕ್ಕೆಲ್ಲ ಅದು ಬಂದೇ ಬರಬೇಕು.